ಟಿವಿಯಲ್ಲಿ ವಿಡಿಯೊ ನಿಂತು ನಿಂತು ಬರುವುದೇಕೆ? – ದೋಷ ಪತ್ತೆಯ ಕ್ರಮ ಹಾಗೂ ಮಾರಾಟಗಾರರ ಹೊಣೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲೂಕುಗಳ ಪೇಟೆಗಳಲ್ಲಿ ಟಿವಿ ಮಾರಾಟದ ಸ್ವರೂಪವು ಕಳೆದ ಒಂದು ದಶಕದಲ್ಲಿ ಪೂರ್ತಿಯಾಗಿ ಬದಲಾಗಿದೆ. ಮೊದಲು ಟಿವಿಯೊಂದಿಗೆ ಆಂಟೆನಾ, ನಂತರ ಕೇಬಲ್, ತದನಂತರ ಡಿಶ್ ಹೋಗುತ್ತಿದ್ದವು. ಚಿತ್ರ ಬಾರದಿದ್ದರೆ ಕಾರಣವು ಕಣ್ಣಿಗೆ ಕಾಣುವಂತಿತ್ತು. ಜನವರಿ 2016ರಲ್ಲಿ ನೆಟ್‌ಫ್ಲಿಕ್ಸ್ ಭಾರತಕ್ಕೆ ಕಾಲಿಟ್ಟಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಜಿಯೊ ಸೇವೆ ಆರಂಭಗೊಂಡು ಅಂತರ್ಜಾಲವು ಅಗ್ಗವಾಯಿತು. ಅಂದಿನಿಂದ ಗ್ರಾಹಕರು ಟಿವಿಯನ್ನು ಅಂತರ್ಜಾಲದ ಮೂಲಕ ನೋಡುವ ಸಲುವಾಗಿಯೇ ಕೊಳ್ಳುವುದು ರೂಢಿಯಾಗಿದೆ. 22 ಸೆಪ್ಟೆಂಬರ್ 2025ರಿಂದ 32 ಅಂಗುಲಕ್ಕಿಂತ ದೊಡ್ಡದಾದ ಟಿವಿಗಳ ಮೇಲಿನ ಜಿಎಸ್‌ಟಿಯು ಶೇ. 28ರಿಂದ ಶೇ. 18ಕ್ಕೆ ಇಳಿದಿರುವುದರಿಂದ ದೊಡ್ಡ ಟಿವಿಗಳು ಸಾಮಾನ್ಯ ಕುಟುಂಬಗಳಿಗೂ ಎಟಕುವಂತಾಗಿವೆ.

ಈ ಬದಲಾವಣೆಯೊಂದಿಗೆ ಒಂದು ಹೊಸ ತೊಡಕೂ ಬಂದಿದೆ. ಟಿವಿ ಮಾರಿದ ಎಂಟು ದಿನಗಳೊಳಗೆ ಅಂಗಡಿಗೆ ದೂರವಾಣಿ ಕರೆ ಬರುತ್ತದೆ: "ಸಾಹುಕಾರ್ರ, ನೀವು ಕೊಟ್ಟ ಟಿವಿ ಬರೇ ಗಿರಕಿ ಹೊಡೀತೈತ್ರಿ, ಚಿತ್ರ ಮುಂದಕ್ಕ ಹೋಗವಲ್ದು." ಗ್ರಾಹಕರ ದೃಷ್ಟಿಯಲ್ಲಿ ದೋಷವು ಟಿವಿಯದೇ, ಏಕೆಂದರೆ ಗಿರಕಿ ಹೊಡೆಯುವ ಚಕ್ರವು ಕಾಣುವುದು ಟಿವಿಯ ಪರದೆಯ ಮೇಲೆ. ವಾಸ್ತವದಲ್ಲಿ ದೋಷವು ಟಿವಿಯಲ್ಲಿರಬಹುದು, ಮನೆಯ ವೈಫೈನಲ್ಲಿರಬಹುದು, ಬೀದಿಯ ಕಂಬದ ಮೇಲಿನ ತಂತಿಯಲ್ಲಿರಬಹುದು ಅಥವಾ ಸಾವಿರಾರು ಕಿಲೋಮೀಟರು ದೂರದ ಯಂತ್ರಾಗಾರದಲ್ಲಿಯೂ ಇರಬಹುದು. ಇವುಗಳನ್ನು ಬೇರ್ಪಡಿಸಿ ನೋಡುವ ಕ್ರಮವನ್ನು ವ್ಯಾಪಾರಸ್ಥರಿಗೆ ಉಪಯುಕ್ತವಾಗುವಂತೆ ಪಾಠರೂಪದಲ್ಲಿ ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ವ್ಯಾಪಾರಸ್ಥರಿಗೆ ಇದೇಕೆ ಮುಖ್ಯ?

ಒಂದು ಕಲ್ಪಿತ ಲೆಕ್ಕವನ್ನು ತೆಗೆದುಕೊಳ್ಳೋಣ. ಒಂದು ಟಿವಿಯ ಮಾರಾಟದಲ್ಲಿ ಅಂಗಡಿಕಾರರಿಗೆ ಖರ್ಚು ಕಳೆದು 800 ರೂಪಾಯಿ ಉಳಿಯುವುದೆಂದು ಭಾವಿಸಿರಿ. ದೂರು ಬಂದಾಗ ಹುಡುಗನನ್ನು ಮೋಟಾರ್‌ಸೈಕಲ್ ಮೇಲೆ ಹಳ್ಳಿಗೆ ಕಳಿಸಲು ಪೆಟ್ರೋಲು ಹಾಗೂ ಅರ್ಧ ದಿನದ ಪಗಾರ ಸೇರಿ 300 ರೂಪಾಯಿ ತಗಲುವುದಾದರೆ, ಮೂರನೆಯ ಭೇಟಿಗೆ ಆ ಮಾರಾಟವು ನಷ್ಟಕ್ಕೆ ತಿರುಗುತ್ತದೆ. ಟಿವಿಯನ್ನು ಹಿಂದಕ್ಕೆ ಪಡೆದು ಬೇರೊಂದನ್ನು ಕೊಟ್ಟರೂ ದೋಷವು ವೈಫೈನಲ್ಲಿದ್ದಲ್ಲಿ ಹೊಸ ಟಿವಿಯೂ ಹಾಗೆಯೇ ಗಿರಕಿ ಹೊಡೆಯುತ್ತದೆ. ಆಗ ಹಣದ ಜೊತೆಗೆ ಪತವೂ ಹೋಗುತ್ತದೆ. ನಿಪ್ಪಾಣಿಯವರಿಗೆ ಕೊಲ್ಹಾಪುರ, ಕಾಗವಾಡದವರಿಗೆ ಮಿರಜ ಸಮೀಪದಲ್ಲಿಯೇ ಇರುವಾಗ, ಒಮ್ಮೆ ಅಸಮಾಧಾನಗೊಂಡ ಗ್ರಾಹಕರು ಮರಳಿ ಬರುವರೆಂಬ ಭರವಸೆಯಿಲ್ಲ.

ಕಾನೂನಿನ ದೃಷ್ಟಿಯಿಂದಲೂ ಈ ವಿಷಯವನ್ನು ಗಮನಿಸಬೇಕು. ಜುಲೈ 2020ರಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019, ಸರಕಿನ ದೋಷವನ್ನೂ ಸೇವೆಯ ನ್ಯೂನತೆಯನ್ನೂ ಬೇರೆ ಬೇರೆಯಾಗಿ ಪರಿಗಣಿಸುತ್ತದೆ. ದೋಷಯುಕ್ತ ಸರಕನ್ನು ಬಿಲ್ಲಿನಲ್ಲಿ ನಮೂದಿಸಿದ ಅವಧಿಯೊಳಗೆ, ಅಂತಹ ನಮೂದು ಇಲ್ಲದಿದ್ದರೆ 30 ದಿನಗಳೊಳಗೆ, ಹಿಂಪಡೆಯಲು ನಿರಾಕರಿಸುವುದು ಈ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿಯೆನಿಸುತ್ತದೆ. ಆದ್ದರಿಂದ "ಮಾರಿದ ಸರಕನ್ನು ಹಿಂಪಡೆಯಲಾಗುವುದಿಲ್ಲ" ಎಂದು ಬಿಲ್ಲಿನ ಮೇಲೆ ಅಚ್ಚು ಹಾಕಿಸಿದ ಮಾತ್ರಕ್ಕೆ ಅಂಗಡಿಕಾರರಿಗೆ ರಕ್ಷಣೆ ದೊರೆಯದು. ಅದೇ ರೀತಿ, ದೋಷವಿಲ್ಲದ ಟಿವಿಯನ್ನು ಬೇರೆಯವರ ತಪ್ಪಿಗಾಗಿ ಹಿಂಪಡೆಯಬೇಕಾದ ಕಾರಣವೂ ಇಲ್ಲ. ಸರಕು ದೋಷಯುಕ್ತವೇ ಅಲ್ಲವೇ ಎಂಬುದನ್ನು ಆಧಾರಸಹಿತ ತೋರಿಸಬಲ್ಲವನೇ ಇಲ್ಲಿ ಸುರಕ್ಷಿತನು.

ವಿಡಿಯೊ ಹರಿದು ಬರುವ ಬಗೆ

ಅಂತರ್ಜಾಲದ ವಿಡಿಯೊ ಟಿವಿಗೆ ತಲಪುವ ದಾರಿಯಲ್ಲಿ ಐದು ಕೊಂಡಿಗಳಿವೆ. ಮೊದಲನೆಯದು ವಿಡಿಯೊ ಒದಗಿಸುವ ಕಂಪನಿಯ ಯಂತ್ರಾಗಾರ, ಎರಡನೆಯದು ಅಂತರ್ಜಾಲ ಸೇವಾದಾರರ ಮಾರ್ಗ, ಮೂರನೆಯದು ಮನೆಯಲ್ಲಿರುವ ರೂಟರು ಮತ್ತು ಅದರ ವೈಫೈ, ನಾಲ್ಕನೆಯದು ವಿಡಿಯೊವನ್ನು ಬಿಡಿಸಿ ತೋರಿಸುವ ಸಾಧನ, ಅಂದರೆ ಸ್ಮಾರ್ಟ್ ಟಿವಿ, ಸ್ಟಿಕ್ ಅಥವಾ ಬಾಕ್ಸ್. ಐದನೆಯದು ಪರದೆ, ಧ್ವನಿ ಮತ್ತು ಅವುಗಳನ್ನು ಜೋಡಿಸುವ ಎಚ್‌ಡಿಎಂಐ ಕೇಬಲ್. ಸರಪಳಿಯ ಬಲವು ಅದರ ಅತಿ ದುರ್ಬಲ ಕೊಂಡಿಯಷ್ಟೇ ಎಂಬ ಮಾತು ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ.

ವಿಡಿಯೊ ಒಮ್ಮೆಲೇ ಬರುವುದಿಲ್ಲ. ಕೆಲವೇ ಸೆಕೆಂಡುಗಳ ಸಣ್ಣ ತುಂಡುಗಳಾಗಿ ಬಂದು ಸಾಧನದ ನೆನಪಿನಲ್ಲಿ ಶೇಖರವಾಗುತ್ತದೆ. ಈ ಶೇಖರಣೆಗೆ ಬಫರ್ ಎಂದು ಹೆಸರು. ಇದನ್ನು ಮನೆಯ ಮೇಲಿನ ನೀರಿನ ಟಾಕಿಗೆ ಹೋಲಿಸಬಹುದು. ಮೋಟಾರು ಟಾಕಿಯನ್ನು ತುಂಬುತ್ತಿರುತ್ತದೆ, ನಳದ ಮೂಲಕ ನೀರು ಹೋಗುತ್ತಿರುತ್ತದೆ. ಒಳಹರಿವು ಹೊರಹರಿವಿಗಿಂತ ಹೆಚ್ಚಿದ್ದರೆ ತೊಂದರೆಯಿಲ್ಲ. ಕಡಿಮೆಯಾದರೆ ಟಾಕಿಯು ಬರಿದಾದೊಡನೆ ನಳ ನಿಲ್ಲುತ್ತದೆ. ಅದೇ ಗಿರಕಿ.

ಲೆಕ್ಕವನ್ನು ಹೀಗೆ ಮಾಡಬಹುದು. ಒಂದು ವಿಡಿಯೊಕ್ಕೆ ಸೆಕೆಂಡಿಗೆ 5 ಮೆಗಾಬಿಟ್ ಬೇಕು. ಮಾರ್ಗದಲ್ಲಿ ಬರುತ್ತಿರುವುದು 4 ಮೆಗಾಬಿಟ್ ಮಾತ್ರ. ಆರಂಭದಲ್ಲಿ 30 ಸೆಕೆಂಡುಗಳಷ್ಟು, ಅಂದರೆ 150 ಮೆಗಾಬಿಟ್ ಶೇಖರವಿದೆ. ಪ್ರತಿ ಸೆಕೆಂಡಿಗೆ 1 ಮೆಗಾಬಿಟ್ ಕೊರತೆ ಬೀಳುವುದರಿಂದ 150 ಸೆಕೆಂಡುಗಳಲ್ಲಿ ಶೇಖರವು ತೀರುತ್ತದೆ. ಆದ್ದರಿಂದಲೇ "ಎರಡೂವರೆ ನಿಮಿಷ ಚೆನ್ನಾಗಿ ನಡೆದು ಆಮೇಲೆ ನಿಲ್ಲುತ್ತದೆ" ಎಂಬಂತಹ ದೂರುಗಳು ಬರುತ್ತವೆ.

ಈಗಿನ ಪ್ರಮುಖ ಆ್ಯಪ್‌ಗಳು ಈ ಕೊರತೆಯನ್ನು ತಪ್ಪಿಸಲು ಒಂದು ಉಪಾಯವನ್ನು ಬಳಸುತ್ತವೆ. ಒಂದೇ ವಿಡಿಯೊವನ್ನು ಹಲವು ಗುಣಮಟ್ಟಗಳಲ್ಲಿ ಸಿದ್ಧವಾಗಿಟ್ಟಿರುತ್ತಾರೆ. ಹರಿವು ಕುಗ್ಗಿದರೆ ಸಾಧನವು ತಾನಾಗಿಯೇ ಕೆಳಗಿನ ಗುಣಮಟ್ಟದ ತುಂಡುಗಳನ್ನು ಕೇಳುತ್ತದೆ. ಆಪಲ್ ಕಂಪನಿಯು 2009ರಲ್ಲಿ ತಂದ ಎಚ್‌ಎಲ್‌ಎಸ್ ಹಾಗೂ 2012ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಡ್ಯಾಶ್ ಎಂಬ ಪದ್ಧತಿಗಳು ಈ ಬಗೆಯವು. ಇದರಿಂದ ದೋಷ ಪತ್ತೆಗೆ ಒಂದು ಮಹತ್ವದ ಸೂತ್ರ ದೊರೆಯುತ್ತದೆ: ಹರಿವು ಸತತವಾಗಿ ಮಂದವಾಗಿದ್ದರೆ ಚಿತ್ರವು ಸಾಮಾನ್ಯವಾಗಿ ನಿಲ್ಲದೆ ಮಸುಕಾಗುತ್ತದೆ. ಚಿತ್ರವು ಸ್ವಚ್ಛವಾಗಿದ್ದು ಥಟ್ಟನೆ ನಿಂತರೆ ಹರಿವು ನಡುನಡುವೆ ತುಂಡಾಗುತ್ತಿದೆ ಎಂದು ಶಂಕಿಸಬೇಕು. ಗ್ರಾಹಕರು ಗುಣಮಟ್ಟವನ್ನು ಕೈಯಾರೆ 1080 ಅಥವಾ 4ಕೆಗೆ ಕಟ್ಟಿಹಾಕಿದ್ದರೆ ಮಾತ್ರ ಈ ಸೂತ್ರವು ಅನ್ವಯಿಸದು. ಆದಕಾರಣ ಮೊದಲು ಗುಣಮಟ್ಟವನ್ನು "ಆಟೊ"ಗೆ ಇಡಿಸತಕ್ಕದ್ದು.

ಎಷ್ಟು ವೇಗ ಬೇಕು?

ನೆಟ್‌ಫ್ಲಿಕ್ಸ್ ಕಂಪನಿಯು ಎಚ್‌ಡಿ ಅಂದರೆ 720 ಗುಣಮಟ್ಟಕ್ಕೆ 3 ಎಂಬಿಪಿಎಸ್, ಪೂರ್ಣ ಎಚ್‌ಡಿ ಅಂದರೆ 1080ಕ್ಕೆ 5 ಎಂಬಿಪಿಎಸ್ ಮತ್ತು 4ಕೆಗೆ 15 ಎಂಬಿಪಿಎಸ್ ವೇಗವನ್ನು ಸೂಚಿಸುತ್ತದೆ. ಯೂಟ್ಯೂಬ್ 4ಕೆಗೆ 20 ಎಂಬಿಪಿಎಸ್ ಎನ್ನುತ್ತದೆ. ಇವು ಒಂದು ಪರದೆಗೆ ಬೇಕಾದ ವೇಗಗಳು. ಒಂದು ಮನೆಯಲ್ಲಿ ದೊಡ್ಡ ಟಿವಿಯ ಮೇಲೆ 4ಕೆ, ಇನ್ನೊಂದು ಟಿವಿಯ ಮೇಲೆ ಪೂರ್ಣ ಎಚ್‌ಡಿ ನಡೆದಿದ್ದರೆ 20ರಿಂದ 25 ಎಂಬಿಪಿಎಸ್ ಅಲ್ಲಿಗೇ ವೆಚ್ಚವಾಯಿತು; ಮನೆಯವರ ಮೊಬೈಲುಗಳ ಬಳಕೆ ಇದಕ್ಕೆ ಹೊರತು.

ಎರಡು ಗೊಂದಲಗಳನ್ನು ಇಲ್ಲಿಯೇ ಪರಿಹರಿಸಿಕೊಳ್ಳಬೇಕು. ಮೊದಲನೆಯದಾಗಿ, ಸೇವಾದಾರರು ಹೇಳುವುದು ಮೆಗಾಬಿಟ್ ಲೆಕ್ಕ. ಕಡತ ಇಳಿಸಿಕೊಳ್ಳುವಾಗ ಕಂಪ್ಯೂಟರು ತೋರಿಸುವುದು ಸಾಮಾನ್ಯವಾಗಿ ಮೆಗಾಬೈಟ್ ಲೆಕ್ಕ. 8 ಬಿಟ್‌ಗೆ 1 ಬೈಟ್. ಆದ್ದರಿಂದ 40 ಎಂಬಿಪಿಎಸ್ ಸಂಪರ್ಕದಲ್ಲಿ ಸೆಕೆಂಡಿಗೆ 5 ಮೆಗಾಬೈಟ್ ಇಳಿದರೆ ಅದು ಪೂರ್ತಿ ವೇಗವೇ ಹೊರತು ಮೋಸವಲ್ಲ. ಎರಡನೆಯದಾಗಿ, "ಬ್ರಾಡ್‌ಬ್ಯಾಂಡ್ ಇದೆ" ಎಂಬ ಮಾತು ಸಾಲದು. ಭಾರತ ಸರ್ಕಾರವು 2023ರಲ್ಲಿ ಬ್ರಾಡ್‌ಬ್ಯಾಂಡ್‌ನ ಕನಿಷ್ಠ ವೇಗವನ್ನು 512 ಕೆಬಿಪಿಎಸ್‌ನಿಂದ 2 ಎಂಬಿಪಿಎಸ್‌ಗೆ ಏರಿಸಿತು. ಆ ಕನಿಷ್ಠ ವೇಗದಲ್ಲಿ ಪೂರ್ಣ ಎಚ್‌ಡಿ ಸಾಗದೆಂಬುದು ಮೇಲಿನ ಅಂಕಿಗಳಿಂದ ಸ್ಪಷ್ಟವಾಗುತ್ತದೆ.

ಡೇಟಾ ಮಿತಿಯನ್ನೂ ವಿಚಾರಿಸಬೇಕು. 5 ಎಂಬಿಪಿಎಸ್‌ನಂತೆ ಒಂದು ತಾಸು ನೋಡಿದರೆ 2.25 ಜಿಬಿ ಖರ್ಚಾಗುತ್ತದೆ. ದಿನಕ್ಕೆ 3 ತಾಸಿನಂತೆ 30 ದಿನಗಳಿಗೆ ಸುಮಾರು 200 ಜಿಬಿ. 15 ಎಂಬಿಪಿಎಸ್‌ನ 4ಕೆಗೆ ತಾಸಿಗೆ 6.75 ಜಿಬಿ. ಯೋಜನೆಯ ಮಿತಿ ಮುಗಿದ ನಂತರ ವೇಗವು ಕೆಳಗಿಳಿಯುವ ಯೋಜನೆಗಳು ಬಹಳಷ್ಟಿವೆ. "ತಿಂಗಳ ಆರಂಭದಲ್ಲಿ ಸರಾಗ, ಕೊನೆಯಲ್ಲಿ ತೊಂದರೆ" ಎಂಬ ದೂರು ಬಂದರೆ ಟಿವಿಯನ್ನು ಮುಟ್ಟುವ ಮೊದಲು ಈ ಮಿತಿಯನ್ನು ನೋಡಬೇಕು.

ಲಕ್ಷಣದಿಂದ ಕಾರಣದತ್ತ

ವೈದ್ಯರು ನಾಡಿ ಹಿಡಿಯುವ ಮೊದಲು ರೋಗಿಯನ್ನು ಮಾತನಾಡಿಸುವಂತೆ, ಅಂಗಡಿಕಾರರು ಮನೆಗೆ ಹೋಗುವ ಮೊದಲೇ ದೂರವಾಣಿಯಲ್ಲಿ ಲಕ್ಷಣಗಳನ್ನು ಕೇಳಿ ತಿಳಿಯಬಹುದು.

* ಒಂದೇ ಆ್ಯಪ್‌ನಲ್ಲಿ ತೊಂದರೆಯಿದ್ದು ಉಳಿದವು ಸರಾಗವಾಗಿದ್ದರೆ: ಆ ಆ್ಯಪ್ ಅಥವಾ ಆ ಕಂಪನಿಯ ಯಂತ್ರಾಗಾರದ ಕಡೆಗೆ ನೋಡಬೇಕು. ಆ್ಯಪ್‌ಅನ್ನು ನವೀಕರಿಸುವುದು, ಅದರ ಕ್ಯಾಶ್ ತೆರವುಗೊಳಿಸುವುದು ಮೊದಲ ಉಪಾಯ.
* ಸಾಯಂಕಾಲ 8ರಿಂದ 11ರವರೆಗೆ ಮಾತ್ರ ತೊಂದರೆಯಾದರೆ: ಸೇವಾದಾರರ ಮಾರ್ಗದಲ್ಲಿ ದಟ್ಟಣೆಯ ಸಂಭವ ಹೆಚ್ಚು. ಮನೆಗೆ ಬರುವ ಫೈಬರ್ ಸಂಪರ್ಕವು ಸಾಮಾನ್ಯವಾಗಿ ಹಲವಾರು ಮನೆಗಳ ನಡುವೆ ಹಂಚಿಕೆಯಾಗಿರುತ್ತದೆ.
* ನೇರ ಪ್ರಸಾರದಲ್ಲಿ ಮಾತ್ರ ತೊಂದರೆಯಾದರೆ: ನೇರ ಪ್ರಸಾರದಲ್ಲಿ ಮುಂಗಡವಾಗಿ ಬಹಳ ಶೇಖರಿಸಿಡಲು ಸಾಧ್ಯವಿಲ್ಲ. ಆದಕಾರಣ ಸಿನಿಮಾ ಸರಾಗವಾಗಿ ನಡೆಯುವ ಮಾರ್ಗದಲ್ಲಿ ಕ್ರಿಕೆಟ್ ನಿಲ್ಲಬಹುದು.
* ಚಿತ್ರ ಜರ್ಕು ಹೊಡೆಯುತ್ತಿದ್ದು ಗಿರಕಿ ಕಾಣದಿದ್ದರೆ, ಅಥವಾ ರಿಮೋಟ್ ಒತ್ತಿದರೂ ಮೆನು ತಡವಾಗಿ ಬಂದರೆ: ಸಾಧನದ ಶಕ್ತಿ, ನೆನಪು ಅಥವಾ ಉಷ್ಣತೆ ಕಾರಣವಾಗಿರುತ್ತದೆ.
* ಧ್ವನಿ ಇದ್ದು ಚಿತ್ರವಿಲ್ಲ, ಚಿತ್ರವಿದ್ದು ಧ್ವನಿಯಿಲ್ಲ ಎಂದಾದರೆ: ವಿಡಿಯೊದ ಸಂಕೇತನವನ್ನು ಸಾಧನವು ಬಿಡಿಸಲಾರದು, ಇಲ್ಲವೇ ಎಚ್‌ಡಿಎಂಐ ಜೋಡಣೆ ಸರಿಯಿಲ್ಲ.

ಮೂಲದಲ್ಲಿಯೇ ದೋಷವಿರುವುದು ಅಪರೂಪವಾದರೂ ಅಸಾಧ್ಯವಲ್ಲ. 19 ನವೆಂಬರ್ 2023ರ ವಿಶ್ವಕಪ್ ಕ್ರಿಕೆಟ್ ಅಂತಿಮ ಪಂದ್ಯವನ್ನು ಡಿಸ್ನಿ ಪ್ಲಸ್ ಹಾಟ್‌ಸ್ಟಾರ್‌ನಲ್ಲಿ ಒಂದೇ ಹೊತ್ತಿಗೆ 5.9 ಕೋಟಿ ವೀಕ್ಷಕರು ನೋಡಿದ್ದರು. ನವೆಂಬರ್ 2024ರಲ್ಲಿ ಅಮೆರಿಕೆಯ ಟೆಕ್ಸಾಸಿನಲ್ಲಿ ನಡೆದ ಮೈಕ್ ಟೈಸನ್–ಜೇಕ್ ಪಾಲ್ ಮುಷ್ಟಿಯುದ್ಧದ ನೇರ ಪ್ರಸಾರದಲ್ಲಿ ನೆಟ್‌ಫ್ಲಿಕ್ಸ್‌ನಂತಹ ಕಂಪನಿಯೇ ತಡವರಿಸಿ, ಅನೇಕ ವೀಕ್ಷಕರು ಚಿತ್ರ ನಿಲ್ಲುತ್ತಿದೆಯೆಂದು ದೂರಿದ್ದರು. ಅಂತಹ ರಾತ್ರಿ ಬಂದ ದೂರಿಗಾಗಿ ಮರುದಿನ ಬೆಳಿಗ್ಗೆ ಟಿವಿ ಬದಲಿಸಿ ಕೊಡುವುದು ವ್ಯರ್ಥ.

ಪರೀಕ್ಷೆಯ ಕ್ರಮ

ಪರೀಕ್ಷೆಯ ಮೂಲ ನಿಯಮವೆಂದರೆ ಒಂದು ಸಲಕ್ಕೆ ಒಂದನ್ನೇ ಬದಲಿಸುವುದು. ರೂಟರು, ಕೇಬಲ್, ಆ್ಯಪ್ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಟಿವಿ ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ತಿಳಿಯದು. ದೋಷವು ಮರಳಿ ಬಂದಾಗ ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ.

1. ಮರುಚಾಲನೆ. ರಿಮೋಟ್‌ನಿಂದ ಆರಿಸಿದ ಟಿವಿ ನಿಜವಾಗಿ ಆರುವುದಿಲ್ಲ, ಮಲಗಿರುತ್ತದೆ. ಆದಕಾರಣ ಟಿವಿ ಮತ್ತು ರೂಟರು ಎರಡನ್ನೂ ಗೋಡೆಯ ಸ್ವಿಚ್‌ನಿಂದಲೇ ಆರಿಸಿ ಒಂದು ನಿಮಿಷ ಬಿಡಬೇಕು. ಮೊದಲು ರೂಟರನ್ನು ಹಾಕಿ, ಅದರ ದೀಪಗಳು ಸ್ಥಿರವಾದ ಮೇಲೆಯೇ ಟಿವಿ ಹಾಕಬೇಕು.

2. ಟಿವಿಯ ಪಕ್ಕದಲ್ಲಿ ಮೊಬೈಲು. ಮೊಬೈಲ್ ಡೇಟಾ ಬಂದ್ ಮಾಡಿ, ಟಿವಿ ಬಳಸುವ ಅದೇ ಹೆಸರಿನ ವೈಫೈಗೆ ಮೊಬೈಲನ್ನು ಜೋಡಿಸಿ, ಟಿವಿಯ ಸ್ಥಳದಲ್ಲಿಯೇ ವೇಗವನ್ನು ಅಳೆಯಬೇಕು. ಇದಕ್ಕೆ ನೆಟ್‌ಫ್ಲಿಕ್ಸ್ ನಡೆಸುವ ಫಾಸ್ಟ್ ಡಾಟ್ ಕಾಮ್ ಎಂಬ ಉಚಿತ ತಾಣವು ಅನುಕೂಲ. ವೇಗವು ಉತ್ತಮವಿದ್ದು ಟಿವಿ ಮಾತ್ರ ನಿಂತರೆ ಸಂಶಯವು ಟಿವಿಯ ಕಡೆಗೆ ವಾಲುತ್ತದೆ.

3. ರೂಟರಿನ ಪಕ್ಕದಲ್ಲಿ ಮೊಬೈಲು. ಟಿವಿಯ ಬಳಿ ವೇಗ ಕಡಿಮೆಯಿದ್ದರೆ ಅದೇ ಮೊಬೈಲನ್ನು ರೂಟರಿನ ಹತ್ತಿರ ಒಯ್ದು ಮತ್ತೊಮ್ಮೆ ಅಳೆಯಬೇಕು. ಇಲ್ಲಿ ವೇಗ ಚೆನ್ನಾಗಿದ್ದರೆ ದೋಷವು ಮನೆಯೊಳಗಿನ ವೈಫೈನದು. ಇಲ್ಲಿಯೂ ಕಡಿಮೆಯಿದ್ದರೆ ದೋಷವು ರೂಟರಿನದು ಅಥವಾ ಸೇವಾದಾರರ ಮಾರ್ಗದ್ದು.

4. ಹಾಟ್‌ಸ್ಪಾಟ್ ಪರೀಕ್ಷೆ. ಉತ್ತಮ 4ಜಿ ಅಥವಾ 5ಜಿ ಸಂಕೇತವಿರುವ ಮೊಬೈಲಿನ ಹಾಟ್‌ಸ್ಪಾಟ್‌ಗೆ ಟಿವಿಯನ್ನು ಜೋಡಿಸಿ ಅದೇ ವಿಡಿಯೊವನ್ನು ಹತ್ತು ನಿಮಿಷ ನಡೆಸಬೇಕು. ಸರಾಗವಾಗಿ ನಡೆದರೆ ಟಿವಿ ನಿರ್ದೋಷಿ. ಇದನ್ನು ಗ್ರಾಹಕರು ತಮ್ಮ ಕಣ್ಣಾರೆ ಕಾಣುವುದರಿಂದ ವಾದಕ್ಕೆ ಆಸ್ಪದ ಉಳಿಯುವುದಿಲ್ಲ. ಆದರೆ ಮೊಬೈಲಿನಲ್ಲಿಯೇ ವೇಗವಿಲ್ಲದಿದ್ದರೆ ಈ ಪರೀಕ್ಷೆಯಿಂದ ಯಾವ ನಿರ್ಣಯಕ್ಕೂ ಬರಲಾಗದು.

5. ಅಂಕಿಗಳ ಓದು. ಟಿವಿಯ ಯೂಟ್ಯೂಬ್ ಆ್ಯಪ್‌ನಲ್ಲಿ ವಿಡಿಯೊ ನಡೆದಿರುವಾಗ ಸೆಟ್ಟಿಂಗ್‌ನೊಳಗೆ "ಸ್ಟ್ಯಾಟ್ಸ್ ಫಾರ್ ನರ್ಡ್ಸ್" ಎಂಬ ಆಯ್ಕೆಯಿದೆ. ಇದರಲ್ಲಿ ಎರಡು ಅಂಕಿಗಳನ್ನು ಗಮನಿಸಿರಿ. "ಬಫರ್ ಹೆಲ್ತ್" ಎಂಬುದು ಟಾಕಿಯಲ್ಲಿ ಎಷ್ಟು ಸೆಕೆಂಡುಗಳ ವಿಡಿಯೊ ಇದೆಯೆಂದು ಹೇಳುತ್ತದೆ. "ಡ್ರಾಪ್ಡ್ ಫ್ರೇಮ್ಸ್" ಎಂಬುದು ಬಂದ ಚಿತ್ರಗಳಲ್ಲಿ ಸಾಧನವು ಎಷ್ಟನ್ನು ತೋರಿಸಲಾಗದೆ ಕೈಬಿಟ್ಟಿತೆಂದು ಹೇಳುತ್ತದೆ. ಮೊದಲನೆಯದು ಸೊನ್ನೆಗೆ ಇಳಿದು ಚಿತ್ರ ನಿಂತರೆ ದೋಷವು ಮಾರ್ಗದಲ್ಲಿದೆ. ಟಾಕಿ ತುಂಬಿದ್ದೂ ಎರಡನೆಯದು ಸತತವಾಗಿ ಏರುತ್ತಿದ್ದರೆ ದೋಷವು ಸಾಧನದಲ್ಲಿದೆ. ಈ ಪರದೆಯ ಫೋಟೊ ತೆಗೆದಿಟ್ಟುಕೊಂಡರೆ ಕಂಪನಿಯ ಸೇವಾ ಕೇಂದ್ರದೊಡನೆ ಮಾತನಾಡಲು ಆಧಾರವಾಗುತ್ತದೆ.

ಮನೆಗಳಲ್ಲಿ ಕಾಣುವ ಸಾಮಾನ್ಯ ಕಾರಣಗಳು

ವೈಫೈ ಎಂಬುದು ರೇಡಿಯೊ ಅಲೆ. ಹಳೆಯ ಕಲ್ಲಿನ ಗೋಡೆ, ದಪ್ಪ ಮಣ್ಣಿನ ಗೋಡೆ, ಆರ್‌ಸಿಸಿ ಸ್ಲ್ಯಾಬು ಇವು ಅಲೆಯನ್ನು ಕುಗ್ಗಿಸುತ್ತವೆ; ಕಬ್ಬಿಣದ ತಿಜೋರಿ, ತಗಡಿನ ಛಾವಣಿ, ದೊಡ್ಡ ಕನ್ನಡಿ ಇವು ಹಿಂದಕ್ಕೆ ತಳ್ಳುತ್ತವೆ. ಪಡಸಾಲೆಯಲ್ಲಿ ರೂಟರು, ಮೂರು ಗೋಡೆಗಳಾಚೆ ಕೋಣೆಯಲ್ಲಿ ಟಿವಿ ಎಂಬ ವ್ಯವಸ್ಥೆಯಲ್ಲಿ 100 ಎಂಬಿಪಿಎಸ್ ಯೋಜನೆ ಪಡೆದರೂ ಟಿವಿಗೆ ತಲಪುವುದು ಅಲ್ಪವೇ. ರೂಟರನ್ನು ತಿಜೋರಿಯ ಹಿಂದೆ ಅಥವಾ ನೆಲದ ಮೇಲೆ ಇಡದೆ ಮನೆಯ ಮಧ್ಯಭಾಗದಲ್ಲಿ, ಎದೆಯೆತ್ತರಕ್ಕಿಂತ ಮೇಲೆ ಇಡುವುದರಿಂದ ಒಂದು ಪೈಸೆ ಖರ್ಚಿಲ್ಲದೆ ಅನೇಕ ದೂರುಗಳು ಪರಿಹಾರವಾಗುತ್ತವೆ.

ವೈಫೈನಲ್ಲಿ 2.4 ಹಾಗೂ 5 ಗಿಗಾಹರ್ಟ್ಸ್ ಎಂಬ ಎರಡು ಪಟ್ಟಿಗಳು ಬಳಕೆಯಲ್ಲಿವೆ. 2.4 ದೂರ ಹೋಗುತ್ತದೆ, ಆದರೆ ಅದರಲ್ಲಿ ಒಂದರ ಮೇಲೊಂದು ಬೀಳದ ಚಾನಲ್‌ಗಳು 1, 6 ಹಾಗೂ 11 ಎಂಬ ಮೂರೇ. ಬ್ಲೂಟೂತ್, ಮೈಕ್ರೊವೇವ್ ಒಲೆ ಇವೂ ಅದೇ ಪಟ್ಟಿಯಲ್ಲಿ ಗದ್ದಲ ಮಾಡುತ್ತವೆ. ಮನೆಗಳು ಒತ್ತೊತ್ತಾಗಿರುವ ಪೇಟೆ ಭಾಗದಲ್ಲಿ ಇದು ತೀವ್ರವಾಗುತ್ತದೆ. 5 ಗಿಗಾಹರ್ಟ್ಸ್ ವೇಗವಾದದ್ದು, ಆದರೆ ಗೋಡೆಗಳನ್ನು ದಾಟುವಲ್ಲಿ ದುರ್ಬಲ. ಟಿವಿ ಮತ್ತು ರೂಟರು ಒಂದೇ ಕೋಣೆಯಲ್ಲಿದ್ದರೆ 5, ದೂರವಿದ್ದರೆ 2.4 ಎಂಬುದು ಸರಳ ನಿಯಮ. ಕಡಿಮೆ ಬೆಲೆಯ ಅನೇಕ ಟಿವಿಗಳಿಗೆ 2.4 ಮಾತ್ರ ಗೊತ್ತು. ಅವುಗಳಲ್ಲಿ 5 ಗಿಗಾಹರ್ಟ್ಸ್ ಹೆಸರು ಕಾಣುವುದೇ ಇಲ್ಲ. "ಮೊಬೈಲಿಗೆ ಕಾಣುವ ವೈಫೈ ಟಿವಿಗೆ ಕಾಣುವುದಿಲ್ಲ" ಎಂಬ ದೂರಿನ ಮೂಲ ಇದೇ.

ಸ್ಥಿರ ಪರಿಹಾರ ಬೇಕಿದ್ದರೆ ಲ್ಯಾನ್ ಕೇಬಲ್ ಎಳೆಯುವುದೇ ಉತ್ತಮ. ಸಾಮಾನ್ಯ ಕ್ಯಾಟ್ 5ಇ ಕೇಬಲ್ 100 ಮೀಟರುವರೆಗೆ ಕೆಲಸ ಮಾಡುತ್ತದೆ. ಅನೇಕ ಟಿವಿಗಳ ಲ್ಯಾನ್ ಕಿಂಡಿಯ ಗರಿಷ್ಠ ವೇಗ 100 ಎಂಬಿಪಿಎಸ್. 4ಕೆಗೆ ಬೇಕಾದುದಕ್ಕಿಂತ ಇದು ಹಲವು ಪಟ್ಟು ಹೆಚ್ಚು.

ವಿದ್ಯುತ್ತಿನ ವಿಷಯವನ್ನೂ ಮರೆಯಬಾರದು. ಕರೆಂಟು ಹೋಗಿ ಬಂದಾಗ ಟಿವಿ ಬೇಗ ಎದ್ದು, ಫೈಬರ್ ಪೆಟ್ಟಿಗೆ ತಡವಾಗಿ ಎದ್ದರೆ ಟಿವಿಗೆ ಸಂಪರ್ಕ ಸಿಗುವುದಿಲ್ಲ. ಫೈಬರ್ ಪೆಟ್ಟಿಗೆಯ ಮೇಲೆ "ಲಾಸ್" ಎಂಬ ಕೆಂಪು ದೀಪ ಹೊತ್ತಿದ್ದರೆ ಬೆಳಕಿನ ಸಂಕೇತವೇ ಬರುತ್ತಿಲ್ಲವೆಂದರ್ಥ. ಆಗ ಟಿವಿಯಲ್ಲಾಗಲಿ ವೈಫೈನಲ್ಲಾಗಲಿ ಹುಡುಕುವುದು ನಿರರ್ಥಕ. ರೂಟರಿಗೆ ಸಣ್ಣ 12 ವೋಲ್ಟ್ ಯುಪಿಎಸ್ ಜೋಡಿಸುವಂತೆ ಸೂಚಿಸುವುದು ಗ್ರಾಹಕರಿಗೂ ಹಿತ, ಅಂಗಡಿಗೂ ಒಂದು ಮಾರಾಟ.

ಸ್ಟಿಕ್‌ಗಳ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಸ್ಟಿಕ್‌ನೊಂದಿಗೆ ಬಂದ ಅಡಾಪ್ಟರನ್ನು ಬದಿಗಿಟ್ಟು ಟಿವಿಯ ಯುಎಸ್‌ಬಿ ಕಿಂಡಿಯಿಂದಲೇ ವಿದ್ಯುತ್ ಕೊಡುವವರುಂಟು. ಸಾಮಾನ್ಯ ಯುಎಸ್‌ಬಿ 2.0 ಕಿಂಡಿಯ ನಿಗದಿತ ಸಾಮರ್ಥ್ಯ ಅರ್ಧ ಆಂಪಿಯರ್ ಮಾತ್ರ. ಭಾರ ಹೆಚ್ಚಾದಾಗ ಸ್ಟಿಕ್ ತಾನಾಗಿಯೇ ಆರಿ ಹೊತ್ತುತ್ತದೆ ಇಲ್ಲವೇ ಚಿತ್ರ ನಿಲ್ಲುತ್ತದೆ. ಮೂಲ ಅಡಾಪ್ಟರನ್ನೇ ಬಳಸುವಂತೆ ತಿಳಿಸಬೇಕು. ಟಿವಿಯ ಹಿಂದೆ ಗಾಳಿಯಾಡದ ಕಡೆ ಸಿಕ್ಕಿಸಿದ ಸ್ಟಿಕ್ ಬೇಸಿಗೆಯಲ್ಲಿ ಕಾದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಸಣ್ಣ ಎಚ್‌ಡಿಎಂಐ ವಿಸ್ತರಣೆಯಿಂದ ಅದನ್ನು ಹೊರಗೆ ತರಬಹುದು.

ಫ್ಯಾಕ್ಟರಿ ರೀಸೆಟ್ ಕೊನೆಯ ಅಸ್ತ್ರ

ಕಾರಣ ತಿಳಿಯದಿದ್ದಾಗ ಮೊದಲಿಗೇ ಫ್ಯಾಕ್ಟರಿ ರೀಸೆಟ್ ಮಾಡುವ ಚಾಳಿ ಕೆಲವೆಡೆ ಇದೆ. ಇದು ಅಪಾಯಕಾರಿ. 9 ಮಾರ್ಚ್ 2025ರಂದು ಜಗತ್ತಿನಾದ್ಯಂತ ಗೂಗಲ್‌ನ ಎರಡನೆಯ ತಲೆಮಾರಿನ ಕ್ರೋಮ್‌ಕಾಸ್ಟ್ ಸಾಧನಗಳು ಒಮ್ಮೆಲೇ ಕೆಲಸ ನಿಲ್ಲಿಸಿದವು. ಬಳಕೆದಾರರ ವೈಫೈ ಸರಿಯಿತ್ತು, ಸಾಧನವೂ ಕೆಟ್ಟಿರಲಿಲ್ಲ. ಸಾಧನದ ಗುರುತನ್ನು ಖಚಿತಪಡಿಸುವ ಡಿಜಿಟಲ್ ಪ್ರಮಾಣಪತ್ರವೊಂದರ ಅವಧಿ ಮುಗಿದಿತ್ತು. ಫ್ಯಾಕ್ಟರಿ ರೀಸೆಟ್ ಮಾಡಬೇಡಿರೆಂದು ಗೂಗಲ್ ಸೂಚಿಸಿ, ಕೆಲ ದಿನಗಳಲ್ಲಿ ಸರಿಪಡಿಸಿದ ತಂತ್ರಾಂಶವನ್ನು ಕಳಿಸಿತು. ತಾಳ್ಮೆಯಿಂದ ಕಾಯ್ದವರ ಸಾಧನಗಳು ತಾವಾಗಿಯೇ ಸರಿಹೋದವು. ಅವಸರದಿಂದ ರೀಸೆಟ್ ಮಾಡಿದವರು ಮರುಜೋಡಣೆಗೆ ಪರದಾಡಬೇಕಾಯಿತು.

ಪ್ರಮಾಣಪತ್ರಗಳಿಗೂ ಟಿವಿಯ ಗಡಿಯಾರಕ್ಕೂ ನೇರ ಸಂಬಂಧವಿದೆ. ಟಿವಿಯಲ್ಲಿ ದಿನಾಂಕ ತಪ್ಪಿದ್ದರೆ ಸರಿಯಾದ ಪ್ರಮಾಣಪತ್ರವೂ ಅವಧಿ ಮೀರಿದಂತೆ ಕಂಡು ಆ್ಯಪ್‌ಗಳು ತೆರೆಯುವುದಿಲ್ಲ. ಆದ್ದರಿಂದ "ವೈಫೈ ಇದೆ, ಆದರೆ ಯಾವ ಆ್ಯಪ್ ಕೂಡ ತೆರೆಯುವುದಿಲ್ಲ" ಎಂದಾಗ ಮೊದಲು ದಿನಾಂಕ ಹಾಗೂ ವೇಳೆಯನ್ನು ನೋಡಬೇಕು. ಇನ್ನು ತೀರ ಹಳೆಯ ಟಿವಿಗಳಿಗೆ ಕಂಪನಿಗಳೇ ಬೆಂಬಲ ನಿಲ್ಲಿಸುವುದುಂಟು. ಡಿಸೆಂಬರ್ 2019ರಲ್ಲಿ ಸ್ಯಾಮ್‌ಸಂಗ್‌ನ 2010 ಹಾಗೂ 2011ರ ಕೆಲವು ಟಿವಿಗಳಲ್ಲಿ ನೆಟ್‌ಫ್ಲಿಕ್ಸ್ ನಿಂತುಹೋಯಿತು. ಪರದೆ ಚೆನ್ನಾಗಿರುವ ಇಂತಹ ಟಿವಿಗೆ ಹೊಸ ಸ್ಟಿಕ್ ಒಂದನ್ನು ಸೂಚಿಸುವುದು ಪ್ರಾಮಾಣಿಕ ಸಲಹೆ. ಹೊಸ ಟಿವಿಯನ್ನೇ ಕೊಳ್ಳಿರೆಂದು ಒತ್ತಾಯಿಸಬೇಕಾಗಿಲ್ಲ.

ಸಣ್ಣ ಉತ್ಪಾದಕರಿಗೆ ಒಂದು ಮಾತು

ತಮ್ಮ ಸರಕನ್ನು ವಿಡಿಯೊ ಮೂಲಕ ತೋರಿಸುವ ಉತ್ಪಾದಕರಿಗೂ ಈ ಪಾಠ ಪ್ರಯೋಜನಕಾರಿ. ಅಥಣಿಯ ಚಪ್ಪಲಿ ತಯಾರಕರನ್ನೇ ತೆಗೆದುಕೊಳ್ಳಿರಿ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ದೊರೆತ ಭೌಗೋಳಿಕ ಗುರುತಿನ ವ್ಯಾಪ್ತಿಯಲ್ಲಿ ಬೆಳಗಾವಿ ಜಿಲ್ಲೆಯೂ ಸೇರಿದೆ. ಕೈಯಿಂದ ಹೊಲಿಯುವ ಕ್ರಮವನ್ನು ವಸ್ತುಪ್ರದರ್ಶನದ ಮಳಿಗೆಯಲ್ಲಿ ಟಿವಿಯ ಮೇಲೆ ತೋರಿಸಿದರೆ ಖರೀದಿದಾರರಿಗೆ ನಂಬಿಕೆ ಬರುತ್ತದೆ. ಆದರೆ ಜನಜಂಗುಳಿಯ ಮಳಿಗೆಯಲ್ಲಿ ಅಂತರ್ಜಾಲವನ್ನು ನೆಚ್ಚಿಕೊಂಡರೆ ಖರೀದಿದಾರರ ಮುಂದೆಯೇ ಗಿರಕಿ ಕಾಣಬೇಕಾದೀತು. ವಿಡಿಯೊವನ್ನು ಪೆನ್ ಡ್ರೈವ್‌ನಲ್ಲಿ ಒಯ್ಯುವುದೇ ಕ್ಷೇಮ.

ಇಲ್ಲಿಯೂ ಕೆಲವು ನಿಯಮಗಳಿವೆ. ಎಂಪಿ4 ಕಡತ, ಎಚ್.264 ಸಂಕೇತನ, 1080 ಗುಣಮಟ್ಟ, ಎಎಸಿ ಧ್ವನಿ – ಈ ನಾಲ್ಕೂ ಇದ್ದರೆ ಹಳೆಯ ಟಿವಿಗಳೂ ಸಹಸಾ ನಿರಾಕರಿಸುವುದಿಲ್ಲ. ಹೊಸ ಮೊಬೈಲುಗಳು ಕೆಲವೊಮ್ಮೆ ಎಚ್.265 ಸಂಕೇತನದಲ್ಲಿ ಚಿತ್ರೀಕರಿಸುತ್ತವೆ. ಹಳೆಯ ಟಿವಿಯಲ್ಲಿ ಅದರ ಧ್ವನಿ ಮಾತ್ರ ಬಂದು ಚಿತ್ರ ಬರದಿರಬಹುದು. ಫ್ಯಾಟ್32 ಪದ್ಧತಿಯ ಪೆನ್ ಡ್ರೈವ್‌ನಲ್ಲಿ 4 ಜಿಬಿ ಅಥವಾ ಅದಕ್ಕಿಂತ ದೊಡ್ಡ ಒಂದೇ ಕಡತವನ್ನು ಇಡಲಾಗದು. ಹೊರಡುವ ಮೊದಲು ಅದೇ ಟಿವಿಯ ಮೇಲೆ ಪೂರ್ತಿ ನಡೆಸಿ ನೋಡತಕ್ಕದ್ದು.

ಮಾರುವಾಗಲೇ ವಹಿಸಬೇಕಾದ ಎಚ್ಚರ

ದೂರನ್ನು ಪರಿಹರಿಸುವುದಕ್ಕಿಂತ ದೂರು ಹುಟ್ಟದಂತೆ ಮಾಡುವುದು ಅಗ್ಗ. ಮಾರುವ ಮುನ್ನ ಗ್ರಾಹಕರಿಗೆ ಈ ಐದು ಪ್ರಶ್ನೆಗಳನ್ನು ಕೇಳಿ ಉತ್ತರಗಳನ್ನು ಬಿಲ್ಲಿನ ಪ್ರತಿಯ ಹಿಂದೆ ಬರೆದಿಡುವುದು ಒಳ್ಳೆಯದು:

1. ಮನೆಯಲ್ಲಿ ಯಾವ ಬಗೆಯ ಅಂತರ್ಜಾಲ ಸಂಪರ್ಕವಿದೆ, ಯೋಜನೆಯ ವೇಗ ಎಷ್ಟು?
2. ತಿಂಗಳಿಗೆ ಡೇಟಾ ಮಿತಿ ಎಷ್ಟು?
3. ರೂಟರಿಗೂ ಟಿವಿ ಇಡುವ ಸ್ಥಳಕ್ಕೂ ನಡುವೆ ಎಷ್ಟು ಗೋಡೆಗಳಿವೆ?
4. ಏಕಕಾಲದಲ್ಲಿ ಎಷ್ಟು ಪರದೆಗಳು ನಡೆಯುತ್ತವೆ?
5. ಮುಖ್ಯವಾಗಿ ನೋಡುವುದು ಸಿನಿಮಾ, ಧಾರಾವಾಹಿಯೋ ನೇರ ಪ್ರಸಾರದ ಕ್ರಿಕೆಟ್ಟೋ?

ಬಾಯಿಮಾತಿನಲ್ಲಿಯೂ ಮಿತಿ ಇರಲಿ. ತಯಾರಕರ ವಾರಂಟಿಯ ಹೊರತಾಗಿ ಮಾರಾಟಗಾರನು ತಾನಾಗಿಯೇ ಸ್ಪಷ್ಟ ಭರವಸೆ ಕೊಟ್ಟಿದ್ದು, ಸರಕು ಅದಕ್ಕೆ ತಕ್ಕಂತಿಲ್ಲದೆ ಹಾನಿಯಾದಲ್ಲಿ ಮಾರಾಟಗಾರನೂ ಹೊಣೆಗಾರನಾಗುವ ಸಂದರ್ಭವನ್ನು ಗ್ರಾಹಕ ಸಂರಕ್ಷಣಾ ಕಾಯ್ದೆಯ 86ನೆಯ ಸೆಕ್ಷನ್ ಉಲ್ಲೇಖಿಸುತ್ತದೆ. "ನಿಮ್ಮ ಮನೆಯಲ್ಲಿ 4ಕೆ ಸರಾಗವಾಗಿ ನಡೆಯುತ್ತದೆ" ಎಂದು ಹೇಳುವ ಬದಲು "4ಕೆಗೆ ಟಿವಿಯ ಬಳಿ 15ರಿಂದ 20 ಎಂಬಿಪಿಎಸ್ ವೇಗ ಬೇಕು" ಎಂದು ಹೇಳುವುದು ಸತ್ಯವೂ ಹೌದು, ಸುರಕ್ಷಿತವೂ ಹೌದು.

ಅಗ್ಗದ, ಹೆಸರಿಲ್ಲದ ಆಂಡ್ರಾಯ್ಡ್ ಬಾಕ್ಸ್‌ಗಳ ಬಗ್ಗೆ ವಿಶೇಷ ಎಚ್ಚರ ಅಗತ್ಯ. ವಿಡಿಯೊ ಕಂಪನಿಗಳು ಕಳ್ಳನಕಲು ತಡೆಯಲು ವೈಡ್‌ವೈನ್ ಮುಂತಾದ ಬೀಗಗಳನ್ನು ಬಳಸುತ್ತವೆ. ಮೇಲ್ಮಟ್ಟದ ಅಂದರೆ "ಎಲ್1" ಮಾನ್ಯತೆಯಿಲ್ಲದ ಸಾಧನಕ್ಕೆ ಅನೇಕ ಆ್ಯಪ್‌ಗಳು ಕೆಳಗಿನ ಗುಣಮಟ್ಟವನ್ನಷ್ಟೇ ಕೊಡುತ್ತವೆ. 200 ಎಂಬಿಪಿಎಸ್ ಸಂಪರ್ಕವಿದ್ದರೂ ಚಿತ್ರ ಮಸುಕಾಗಿಯೇ ಉಳಿಯುತ್ತದೆ; ಇದಕ್ಕೆ ಯಾವ ರಿಪೇರಿಯೂ ಇಲ್ಲ. ಇದೇ ರೀತಿ, ಬಾಕ್ಸನ್ನು 4ಕೆ ಟಿವಿಗೆ ಜೋಡಿಸುವಾಗ ಟಿವಿಯ ಎಚ್‌ಡಿಎಂಐ ಕಿಂಡಿಯು ಎಚ್‌ಡಿಸಿಪಿ 2.2 ಎಂಬ ರಕ್ಷಣಾ ಪದ್ಧತಿಯನ್ನು ಒಪ್ಪುವುದೇ ಎಂದು ನೋಡಬೇಕು. ಮೇಲಾಗಿ ಟಿವಿ, ಅಡಾಪ್ಟರ್ ಮುಂತಾದ ಸರಕುಗಳು ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿಗೆ ಒಳಪಟ್ಟಿವೆ. ನೋಂದಣಿ ಸಂಖ್ಯೆಯಿಲ್ಲದ ಸರಕನ್ನು ಮಾರುವ ಅಂಗಡಿಕಾರರು ದಂಡದ ಭಯವನ್ನೂ ಹೊತ್ತುಕೊಳ್ಳಬೇಕಾಗುತ್ತದೆ.

ದೋಷವು ಸೇವಾದಾರರದೆಂದು ಕಂಡುಬಂದಾಗ ಗ್ರಾಹಕರನ್ನು ಕೈಬಿಡದೆ ದಾರಿ ತೋರಿಸಬೇಕು. ಮೂರು ದಿನಗಳ ಕಾಲ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ರೂಟರಿನ ಪಕ್ಕದಲ್ಲಿ ಅಳೆದ ವೇಗವನ್ನು ಚೀಟಿಯಲ್ಲಿ ಬರೆದಿಡಲು ಹೇಳಿರಿ. ಈ ಚೀಟಿಯೊಂದಿಗೆ ಸೇವಾದಾರರ ದೂರು ಕೇಂದ್ರದಲ್ಲಿ ದೂರು ಕೊಟ್ಟು ದಾಖಲೆ ಸಂಖ್ಯೆ ಪಡೆಯಬೇಕು. ಅಲ್ಲಿ ಪರಿಹಾರ ದೊರೆಯದಿದ್ದರೆ ಟ್ರಾಯ್ 2012ರ ನಿಯಮಗಳ ಪ್ರಕಾರ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು ಅವಕಾಶವಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಸಾರಾಂಶವಿಷ್ಟೆ. ಚಿತ್ರ ಮಸುಕಾದರೆ ವೇಗವನ್ನು ನೋಡಿರಿ. ಥಟ್ಟನೆ ನಿಂತರೆ ಸಂಪರ್ಕ ತುಂಡಾಗುವುದನ್ನು ನೋಡಿರಿ. ಜರ್ಕು ಹೊಡೆದರೆ ಸಾಧನವನ್ನು ನೋಡಿರಿ. ಟಿವಿಯ ಬಳಿ ಒಮ್ಮೆ, ರೂಟರಿನ ಬಳಿ ಒಮ್ಮೆ ಅಳೆಯಿರಿ. ಹಾಟ್‌ಸ್ಪಾಟ್‌ನಿಂದ ನಿರ್ಣಯ ಮಾಡಿರಿ. ಈ ಪರೀಕ್ಷೆಗಳಿಗೆ ತಗಲುವ ಕಾಲ ಸುಮಾರು ಅರ್ಧ ತಾಸು; ಬೇಕಾದ ಸಲಕರಣೆ ಒಂದು ಮೊಬೈಲು. ಅಂಗಡಿಯ ಒಬ್ಬ ಹುಡುಗನಿಗಾದರೂ ಈ ಕ್ರಮವನ್ನು ಕಲಿಸಿಕೊಟ್ಟಲ್ಲಿ, ಅರ್ಧದಷ್ಟು ಪರೀಕ್ಷೆಯನ್ನು ದೂರವಾಣಿಯಲ್ಲಿಯೇ ಗ್ರಾಹಕರಿಂದ ಮಾಡಿಸಬಹುದು. ದೋಷ ತನ್ನದಾದಾಗ ಮರುಮಾತಿಲ್ಲದೆ ಬದಲಿಸಿ ಕೊಡುವ, ತನ್ನದಲ್ಲದಾಗ ಆಧಾರ ತೋರಿಸಿ ವಿವರಿಸುವ ಅಂಗಡಿಗೆ ಗ್ರಾಹಕರು ಎರಡನೆಯ ಸಲವೂ ಬರುತ್ತಾರೆ.